ಗೋಡೆಯೊಳಗಿನ ತಂತಿ

“ರೋಧದ ಮ್ಯಾಲ ರೋಧ ಹಚ್ಚಿದ್ರ ಒಟ್ಟು ರೋಧ ಹೆಚ್ಚಾಗಬೇಕಲ್ರಿ, ಗುರುಗಳ. ಸಮಾಂತರ ಜೋಡಣಿಯೊಳಗ ಕಡಿಮಿ ಆಗತೈತಿ ಅಂತೀರಿ. ಅದು ಹ್ಯಾಂಗ?”

ಹೀಗೆ ಕೇಳಿದವನು ಹುಲಿಗೆಪ್ಪ. ವೈರಿಂಗ್ ಕೆಲಸ ಕಲಿಯಲು ಅವನು ಚೆನ್ನಮಲ್ಲಯ್ಯ ಮಾಸ್ತರರ ಹತ್ತಿರ ಬಂದು ಎಂಟು ತಿಂಗಳಾಗಿತ್ತು. ತಲಾ ನಲವತ್ತಾರು ಓಮಿನ ನಾಲ್ಕು ಇಸ್ತ್ರಿಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಎಷ್ಟು ಎಂಬುದು ಆ ದಿನದ ಲೆಕ್ಕ. ಅವನು ನಾಲ್ಕನ್ನೂ ಕೂಡಿಸಿ ಪಾಟಿಯ ಮೇಲೆ ನೂರ ಎಂಬತ್ತನಾಲ್ಕು ಎಂದು ಬರೆದಿದ್ದ. ಮಾಸ್ತರರು ಅದರ ಮೇಲೆ ಗೀಟು ಎಳೆದು ಹನ್ನೊಂದೂವರೆ ಎಂದು ಬರೆದರು. ಲೆಕ್ಕದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದವನ ಮುಖ ಸಣ್ಣದಾಯಿತು.

ಮಾಸ್ತರರು ಸೂತ್ರ ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಇಸ್ತ್ರಿಯವನಿದ್ದ. ಹಲಗೆಯ ಗೋಡೆಯ ಅಂಗಡಿ, ಒಂದೇ ಮೇಜು, ಒಂದೇ ಪೆಟ್ಟಿಗೆ. ಗೋಡೆಯೊಳಗಿನಿಂದ ಬಂದ ತಂತಿ ಹಳೆಯದು, ಹತ್ತು ಆಂಪಿಯರ್ ತಡೆಯುವಂಥದ್ದು. ಪೆಟ್ಟಿಗೆ ಎಳೆಯುತ್ತಿದ್ದದ್ದು ಐದು. ಕೆಲಸ ಕೈಹತ್ತಿತು. ಹೆಂಡತಿಗೆಂದು ಎರಡನೆಯ ಪೆಟ್ಟಿಗೆ ತಂದ. ಅದಕ್ಕೂ ಸಿಕ್ಕಿದ್ದು ಅದೇ ಇನ್ನೂರ ಮೂವತ್ತು ವೋಲ್ಟ್, ಅದೂ ತನ್ನ ಐದು ಆಂಪಿಯರ್ ಎಳೆಯಿತು. ಮೊದಲನೆಯದರ ಪಾಲು ಏನೂ ಕಡಿಮೆಯಾಗಲಿಲ್ಲ. ಹಾಗೆ ಸಮಾಂತರವಾಗಿ ಜೋಡಿಸಿದ ಪೆಟ್ಟಿಗೆ ಕರೆಂಟಿಗೆ ಹೊಸ ಅಡ್ಡಿಯಲ್ಲ, ಹೊಸ ದಾರಿ. ದಾರಿ ಹೆಚ್ಚಿದಷ್ಟೂ ಒಟ್ಟು ರೋಧ ಇಳಿಯುತ್ತದೆ. ಆದರೆ ಅಷ್ಟೂ ದಾರಿಗಳ ಕರೆಂಟು ಗೋಡೆಯೊಳಗಿನ ಆ ಒಂದೇ ತಂತಿಯಲ್ಲಿ ಬರಬೇಕು.

ಮದುವೆಯ ಕಾಲ ಬಂತು. ಇಸ್ತ್ರಿಯವನು ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಕರೆಸಿಕೊಂಡು ಇನ್ನೆರಡು ಪೆಟ್ಟಿಗೆ ಹಾಕಿದ. ಬೆರಳನ್ನು ನೀರಿನಲ್ಲಿ ಅದ್ದಿ ಪೆಟ್ಟಿಗೆಯ ತಳಕ್ಕೆ ತಾಕಿಸಿದರೆ ಸಾಕು, ಈ ಕಾವು ರೇಷ್ಮೆಗೆ, ಈ ಕಾವು ಹತ್ತಿಗೆ ಎಂದು ಅವನು ಹೇಳಿಬಿಡುತ್ತಿದ್ದ. ಆ ಬೆರಳನ್ನು ದೇವರಷ್ಟೇ ನಂಬಿದ್ದ. ನಾಲ್ಕೂ ಪೆಟ್ಟಿಗೆ ಕಾದ ಮೇಲೆ ನಾಲ್ಕರ ವೈರನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಯಾವುದೂ ಬಿಸಿಯಾಗಿರಲಿಲ್ಲ. ಬೆರಳು ಸುಳ್ಳು ಹೇಳಲಿಲ್ಲ, ಒಂದೊಂದರಲ್ಲೂ ಹರಿಯುತ್ತಿದ್ದದ್ದು ಐದೇ ಆಂಪಿಯರ್. ಗೋಡೆಯೊಳಗಿನ ತಂತಿಯನ್ನು ಮಾತ್ರ ಬೆರಳು ಮುಟ್ಟಿರಲಿಲ್ಲ. ಅಲ್ಲಿ ಇಪ್ಪತ್ತು ಹರಿಯುತ್ತಿತ್ತು.

ಫ್ಯೂಸ್ ಹೋಯಿತು. ಹಾಕಿದ. ಮತ್ತೆ ಹೋಯಿತು. ಮರುದಿನವೇ ಮದುವೆ, ಹೆಣ್ಣಿನ ಮನೆಯ ಹತ್ತೊಂಬತ್ತು ರೇಷ್ಮೆ ಸೀರೆಗಳು ಕಾಯುತ್ತಿದ್ದವು. ಇಸ್ತ್ರಿಯವನು ಓಡಿಹೋಗಿ ಒಬ್ಬ ವೈರ್‌ಮನ್‌ನನ್ನು ಕರೆತಂದು, ಇವತ್ತೊಂದು ದಿನ ದಾಟಿಸಿಕೊಡು ಎಂದು ಕೈಮುಗಿದ. ವೈರ್‌ಮನ್ ಪೆಟ್ಟಿಗೆಗಳನ್ನು ನೋಡಿದ, ಗೋಡೆಯನ್ನು ನೋಡಿದ, ಕೈಮುಗಿದವನ ಮುಖ ನೋಡಿದ. ಆಮೇಲೆ ಫ್ಯೂಸಿನಲ್ಲಿ ಕರಗಬೇಕಾದ ತೆಳು ತಂತಿಯ ಬದಲು ದಪ್ಪ ತಾಮ್ರದ ತಂತಿ ಕಟ್ಟಿದ. ಇನ್ನು ಹೋಗುವುದಿಲ್ಲ ಎಂದು ಹೇಳಿ ಹೊರಟುಹೋದ.

ಫ್ಯೂಸ್ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಂಡತಿ, ಏನೋ ಸುಟ್ಟ ವಾಸನೆ ಬರುತ್ತಿದೆ ಎಂದಳು. ಧೋತರಕ್ಕೆ ಹಾಕಿದ ಗಂಜಿಯ ವಾಸನೆ ಎಂದ ಇಸ್ತ್ರಿಯವನು. ಅವಳ ಸಮಾಧಾನಕ್ಕೆಂದು ಇನ್ನೊಮ್ಮೆ ನಾಲ್ಕೂ ವೈರು ಮುಟ್ಟಿ ತೋರಿಸಿದ. ಅಷ್ಟರಲ್ಲಿ ಯಾರೂ ಮುಟ್ಟದ ಗೋಡೆ ಭಗ್ಗನೆ ಹೊತ್ತಿಕೊಂಡಿತು.

ನಾಲ್ವರೂ ಹೊರಗೆ ಓಡಿಬಂದರು. ಎಲ್ಲರೂ ಬಂದೆವಲ್ಲ ಎಂದು ಇಸ್ತ್ರಿಯವನು ಉಸಿರುಬಿಟ್ಟ.

“ಮಂದಿ ಸೀರಿ ಒಳಗ ಅದಾವು,” ಎಂದಳು ಹೆಂಡತಿ. ಎಂದವಳೇ ಒಳಗೆ ನುಗ್ಗಿದಳು.

ಸುಟ್ಟರೆ ನಮ್ಮ ಬಟ್ಟೆ ಸುಡಲಿ, ಮಂದಿಯ ಬಟ್ಟೆಗೆ ಕಲೆಯೂ ಆಗಬಾರದು ಎಂದು ನಡೆದುಕೊಂಡು ಬಂದ ಮನೆತನ ಅದು. ಬಾಗಿಲಿನಿಂದ ಒಂದೊಂದಾಗಿ ಹನ್ನೊಂದು ಸೀರೆಗಳು ಬಂದು ಬೀದಿಗೆ ಬಿದ್ದವು. ಹನ್ನೆರಡನೆಯದು ಬರಲಿಲ್ಲ. ಅವಳೂ ಬರಲಿಲ್ಲ. ತಮ್ಮನು ಅಣ್ಣನನ್ನು ಬಲವಾಗಿ ಹಿಡಿದುಕೊಂಡಿದ್ದ. ಇಸ್ತ್ರಿಯವನು ಅಳಲಿಲ್ಲ. ವೈರು ತಣ್ಣಗಿದ್ದವು, ನಾನು ಮುಟ್ಟಿ ನೋಡಿದ್ದೆ ಎಂದು ಬಂದವರಿಗೆಲ್ಲ ಅದೊಂದನ್ನೇ ಹೇಳುತ್ತಿದ್ದ.

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು. ಹುಲಿಗೆಪ್ಪ ಕೆಳಗೆ ನೋಡಿದ. ಪಾಟಿಯ ಮೇಲೆ ತಾನು ಬರೆದ ನೂರ ಎಂಬತ್ತನಾಲ್ಕು ಗೀಟಿನ ಕೆಳಗೆ ಇನ್ನೂ ಕಾಣುತ್ತಿತ್ತು. ಅದನ್ನು ನಂಬಿದ್ದರೆ ಆ ತಂತಿಯಲ್ಲಿ ಹರಿಯುವುದು ಒಂದೂಕಾಲು ಆಂಪಿಯರ್ ಎಂದುಕೊಂಡು ತಾನೂ ಧೈರ್ಯವಾಗಿ ಎದ್ದುಬರುತ್ತಿದ್ದೆ ಎನಿಸಿ ಅವನು ಅದನ್ನು ಅಂಗೈಯಿಂದ ಒರೆಸಿಹಾಕಿದ. ಆಮೇಲೆ ಆ ವೈರ್‌ಮನ್‌ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

“ಅವಗ ಯಾರರ ಇಷ್ಟು ಲೆಕ್ಕ ಕಲಿಸಿದ್ರ ಆಕಿ ಉಳೀತಿದ್ಲಲ್ರಿ,” ಎಂದ.

ಮಾಸ್ತರರು ಪಾಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಎಂದರು:

“ಲೆಕ್ಕ ಅವಗ ಚಲೋ ಬರತಿತ್ತು, ಹುಲಿಗೆಪ್ಪ, ಕಲಿಸಿದಾವ ನಾನ.”