ಸರಪಳಿಗೆ ಎಷ್ಟಾಣೆ?

ಹೊಳೆ ದಂಡೆಯ ಆ ಆಶ್ರಮದಲ್ಲಿ ಬೆಳಿಗ್ಗೆ ದೇವರಿಗೆ ದೀಪ ಹಚ್ಚುವ ಮೊದಲು ಒಂದು ಕೆಲಸ ಆಗಬೇಕಿತ್ತು. ನೆಲ ಅಳೆಯುವ ಕಬ್ಬಿಣದ ಸರಪಳಿಯನ್ನು ಹೊಳೆಯ ಮೆಟ್ಟಿಲಿಗೆ ಒಯ್ಯಬೇಕು. ಕೆಳಗಿನ ಮೆಟ್ಟಿಲಿನ ಕಲ್ಲಿನಲ್ಲಿ ಕೊರೆದಿದ್ದ ಎರಡು ಗೀರುಗಳ ನಡುವೆ ಹಾಸಬೇಕು. ಮತ್ತೆ ಮಡಚಿ ತಂದು ಗೂಟಕ್ಕೆ ನೇತುಹಾಕಬೇಕು.

ಯಾಕೆ ಎಂದು ಗುರುಗಳು ಹೇಳಿರಲಿಲ್ಲ. ಶಿಷ್ಯ ಕಲ್ಲಿನಾಥ ಕೇಳಿರಲೂ ಇಲ್ಲ. ಆಶ್ರಮದ ಹತ್ತು ಶಾಸ್ತ್ರಗಳಲ್ಲಿ ಇದೂ ಒಂದು ಎಂದುಕೊಂಡಿದ್ದ.

ಗುರು ಮರುಳಯ್ಯನವರು ಕಾವಿ ಉಡುವ ಮೊದಲು ಮೋಜಣಿದಾರರಾಗಿದ್ದವರು. ಇಪ್ಪತ್ತೆಂಟು ವರ್ಷ ಊರೂರು ತಿರುಗಿ ಜನರ ಹೊಲ ಅಳೆದಿದ್ದರು. ಈಗಲೂ ಗಡಿಯ ಜಗಳ ಎದ್ದರೆ ಸುತ್ತಲಿನವರು ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಆಶ್ರಮದ ಮೆಟ್ಟಿಲು ಹತ್ತುತ್ತಿದ್ದರು.

ಅವರಿಗೆ ವಯಸ್ಸಾಗಿತ್ತು. ಸರಪಳಿ ಮುಂದೆ ಯಾರ ಕೈಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಲ್ಲಿನಾಥ ಆರು ವರ್ಷ ಅವರ ಹಿಂದೆಯೇ ನಡೆದು ಕಲಿತವನು. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದವನಲ್ಲ.

ಆ ವರ್ಷ ಹೊಳೆ ದಂಡೆ ಮೀರಿ ಬಂತು. ಇಳಿಯುವಾಗ ಮೆಟ್ಟಿಲ ತುಂಬ ಹೂಳು ಬಿಟ್ಟಿತು, ಹೂಳಿನ ಮೇಲೆ ಒಂದು ದೊಡ್ಡ ಮರದ ದಿಮ್ಮಿ ಬಿಟ್ಟಿತು. ಕಲ್ಲಿನಾಥ ಕೈಗೆ ಸಿಕ್ಕಿದ್ದರಲ್ಲಿ ದಿಮ್ಮಿಯನ್ನು ಬಿಗಿದು, ಎತ್ತು ಕಟ್ಟಿಸಿ ಎಳೆಸಿದ.

ಹೂಳು ಉಳಿಯಿತು. ಎರಡು ಗೀರುಗಳೂ ಅದರಡಿಗೆ ಹೋದವು.

ಒಣಗಲಿ, ತೆಗೆದರಾಯಿತು ಎಂದುಕೊಂಡ. ಒಣಗಿತು. ತೆಗೆಯಲಿಲ್ಲ. ಸರಪಳಿ ಬೆಳಗಿನ ಹೊತ್ತೂ ಗೂಟದ ಮೇಲೆಯೇ ಉಳಿಯತೊಡಗಿತು.

ಹೂಳು ಇನ್ನೊಂದನ್ನೂ ಮುಚ್ಚಿತ್ತು. ಆಶ್ರಮದ ಹೊಲಕ್ಕೂ ಪಕ್ಕದ ಕುಂಬಾರ ಬಾಳವ್ವನ ಹೊಲಕ್ಕೂ ನಡುವೆ ಒಂದು ಬಾಂದುಕಲ್ಲು ಇತ್ತು, ಗಡಿಯ ಗುರುತು. ಈಗ ಅಲ್ಲಿ ಬರೀ ಮಣ್ಣು. ಬಾಳವ್ವ ಅದರ ಮೇಲೆ ಹೊಸದಾಗಿ ಕಳ್ಳಿಯ ಸಾಲು ನೆಟ್ಟಿದ್ದಳು. ಮೊದಲಿದ್ದ ಜಾಗದಲ್ಲೇ ನೆಟ್ಟಿದ್ದೇನೆ ಎನ್ನುತ್ತಿದ್ದಳು.

ಕಲ್ಲಿನಾಥ ನಂಬಲಿಲ್ಲ. ಬಾಯಿಮಾತಿನ ಗಡಿ ಗಡಿಯೇ ಅಲ್ಲ ಎಂದು ಗುರುಗಳೇ ಕಲಿಸಿದ್ದರು. ಅವನು ಪೆಟ್ಟಿಗೆಯಿಂದ ಆಶ್ರಮದ ಹೊಲದ ಟಿಪ್ಪಣಿ ತೆಗೆದ. ಹೊಲವನ್ನು ಮೊಟ್ಟಮೊದಲು ಅಳೆದ ದಿನ ಬರೆದ ಕೈನಕ್ಷೆ ಅದು. ಪಡುವಣ ಕಲ್ಲಿನಿಂದ ಮೂಡಣ ಕಲ್ಲಿಗೆ, ಅಂದರೆ ಈಗ ಹೂತುಹೋದ ಬಾಂದುಕಲ್ಲಿಗೆ, ಹದಿನಾರು ಸರಪಳಿ, ಎಂಟಾಣೆ ಎಂದಿತ್ತು.

ಅವರ ಸರಪಳಿ ಮೂವತ್ತಮೂರು ಅಡಿಯದು. ಅದಕ್ಕೆ ಹದಿನಾರು ಪಾಲು. ಒಂದೊಂದು ಪಾಲಿಗೆ ಆಣೆ ಎಂದು ಹೆಸರು, ಆಣೆಗೊಂದು ಹಿತ್ತಾಳೆಯ ಬಿಲ್ಲೆ.

ಪಡುವಣ ಕಲ್ಲು ದಿಬ್ಬದ ಮೇಲಿತ್ತು, ಹೊಳೆ ಅದನ್ನು ಮುಟ್ಟಿರಲಿಲ್ಲ. ಅಡುಗೆಯ ಚಂದ್ರಪ್ಪನ ಕೈಗೆ ಸರಪಳಿಯ ಒಂದು ತುದಿ ಕೊಟ್ಟು ಕಲ್ಲಿನಾಥ ಅಲ್ಲಿಂದ ಅಳೆಯುತ್ತ ಬಂದ. ಕಳ್ಳಿಯ ಸಾಲು ಮುಟ್ಟಿದಾಗ ಹದಿನಾರು ಸರಪಳಿ ಆಗಿತ್ತು. ಅಷ್ಟೇ.

“ಎಂಟಾಣೆ ಎಲ್ಲಿ?” ಎಂದ ಕಲ್ಲಿನಾಥ.

“ನನ್ನ ಹತ್ರ ಇಲ್ಲಪ್ಪ” ಎಂದ ಚಂದ್ರಪ್ಪ.

ಕಲ್ಲಿನಾಥ ಕಳ್ಳಿಯ ಸಾಲು ದಾಟಿ ಇನ್ನೂ ಎಂಟಾಣೆ ಮುಂದೆ ಹಾಸಿದ. ಸರಪಳಿ ಬಾಳವ್ವ ಮಡಕೆ ಸುಡುವ ಆವಿಗೆಯ ಮೇಲೆ ಬಿತ್ತು. ಆವಿಗೆ ತುಂಬಿ ನಿಂತಿತ್ತು. ಅದರ ನೆತ್ತಿಯ ಮೇಲೆಯೇ ಅವನು ಗೂಟ ಹೊಡೆದ.

ಬಾಳವ್ವ ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದಳು.

“ತಮ್ಮಾ, ಅದು ಆವಿಗಿ. ಅದರಾಗ ಮುನ್ನೂರು ಗಡಿಗಿ ಅದಾವು. ಗೂಟ ಹೊಡ್ಯಾಕ ನಿನಗ ಬ್ಯಾರೆ ಜಾಗ ಸಿಗಲಿಲ್ಲೇನು?”

“ಜಾಗ ನಾನು ಹುಡುಕಲಿಲ್ಲವ್ವ. ಸರಪಳಿ ತೋರಿಸಿತು.”

“ಸರಪಳಿಗಿ ಕಣ್ಣು ಯಾವಾಗ ಬಂದ್ವು?”

ಚಂದ್ರಪ್ಪ ನಕ್ಕ. ಕಲ್ಲಿನಾಥ ನಗಲಿಲ್ಲ.

“ಇದು ಆಶ್ರಮದ ನೆಲ. ನಾಳೆ ಮಧ್ಯಾಹ್ನದೊಳಗೆ ಆವಿಗೆ ಬಿಚ್ಚಬೇಕು.”

“ನಾಳೆ ಬೆಂಕಿ ಇಡೋಳಿದ್ದೆ. ಇನ್ನೂ ಹಸಿ ಅದಾವ ಒಳಗ. ಸುಟ್ಟರ ಗಡಿಗಿ, ಬಿಚ್ಚಿದರ ಮಣ್ಣು. ಮೂರು ತಿಂಗಳು ಗಾಲಿ ತಿರುಗಿಸೇನಿ ತಮ್ಮಾ.”

“ನನ್ನದಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಇದು ಗುರುಗಳದ್ದು.”

“ಹಂಗಾರ ಗುರುಗಳನ್ನೇ ಕೇಳೋಣ ನಡಿ” ಎಂದು ಬಾಳವ್ವ ಸೆರಗು ಸಿಕ್ಕಿಸಿ ಮುಂದೆ ನಡೆದಳು.

ಮರುಳಯ್ಯನವರು ಕಟ್ಟೆಯ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದರು.

“ಕಲ್ಲಿನಾಥಾ, ನಿನ್ನ ಅಳತೆ ಎಷ್ಟು ನಿಜ?”

“ಹದಿನಾರಾಣೆ ನಿಜ, ಗುರುಗಳೇ.”

“ಹದಿನಾರಾಣೆ” ಎಂದು ಅವರು ನಿಧಾನವಾಗಿ ಹೇಳಿಕೊಂಡರು. “ಅಳತೆಯಲ್ಲಿ ಬಗೆ ಎಷ್ಟು? ಬಾಳವ್ವನಿಗೂ ಅರ್ಥವಾಗಲಿ, ಹೇಳು.”

ಇದು ಕಲ್ಲಿನಾಥನಿಗೆ ಬಾಯಿಪಾಠ. “ಗಡಿ ಎಲ್ಲಿ ಎಂದು ತಕರಾರು ಬಂದರೆ ಹದ್ದುಬಸ್ತು ಅಳತೆ, ಹಳೆಯ ನಕ್ಷೆ ಹಿಡಿದು ಕಲ್ಲು ನಿಲ್ಲಿಸುವುದು. ಅಣ್ಣತಮ್ಮಂದಿರು ಪಾಲಾದರೆ ಪೋಡಿ, ಒಂದು ಹೊಲವನ್ನು ಎರಡು ಮಾಡಿ ಇಬ್ಬರಿಗೂ ಬೇರೆ ಬೇರೆ ನಕ್ಷೆ. ಹೊಲದಲ್ಲಿ ಒಂದು ತುಂಡು ಮಾರುವುದಾದರೆ ಆ ತುಂಡಿನ ಅಳತೆ, ಇಲ್ಲದಿದ್ದರೆ ಕೊಂಡವನಿಗೆ ತಾನು ಕೊಂಡದ್ದು ಯಾವುದೆಂದೇ ಗೊತ್ತಾಗುವುದಿಲ್ಲ. ಮನೆ ಕಟ್ಟುವುದಾದರೆ ನೆಲದ ಏರು ತಗ್ಗು ನೋಡುವ ಮಟ್ಟದ ಅಳತೆ, ಇಲ್ಲದಿದ್ದರೆ ಮಳೆನೀರು ನಡುಮನೆಗೇ ಬರುತ್ತದೆ.”

“ಇವೆಲ್ಲಕ್ಕೂ ಮೊದಲು ಮಾಡುವ ಅಳತೆ ಒಂದಿದೆ. ಅದು ಯಾವುದು?”

ಕಲ್ಲಿನಾಥ ಯೋಚಿಸಿದ. “ಅಂಥದ್ದನ್ನು ನಾನು ಕಲಿತಿಲ್ಲ, ಗುರುಗಳೇ.”

“ಕಲಿತಿಲ್ಲ. ದಿನಾ ಮಾಡುತ್ತಿದ್ದೆ.” ಅವರು ಇನ್ನೊಂದು ಎಳೆ ಹತ್ತಿ ತೆಗೆದುಕೊಂಡರು. “ಇರಲಿ. ಬಾಳವ್ವನ ಹೊಲ ಅಳೆದೆಯಾ?”

“ಅವಳದು ಯಾಕೆ? ಕಡಿಮೆ ಬಂದಿರುವುದು ನಮ್ಮದು.”

“ನಮ್ಮ ಎಂಟಾಣೆ ಆ ಕಡೆ ಹೋಗಿದ್ದರೆ ಅವಳ ಹೊಲದಲ್ಲಿ ಎಂಟಾಣೆ ಹೆಚ್ಚು ಸಿಗಬೇಕಲ್ಲ. ಹೋಗು, ಎತ್ತಿಕೊಂಡು ಬಾ.”

ಬಾಳವ್ವನಿಗೆ ಇದು ಸರಿಬರಲಿಲ್ಲ. “ನನ್ನ ಹೊಲಕ್ಕ ಯಾಕ್ರಿ ಅಳತಿ, ಅಜ್ಜಾರ? ಎಲ್ಲಿಂದ ಎಲ್ಲಿತನಕ ಐತಿ ಅಂತ ನನ್ನ ಕಾಲಿಗೆ ಗೊತ್ತೈತಿ.”

“ನಿನ್ನ ಕಾಲಿಗೆ ಗೊತ್ತು. ಪಕ್ಕದವನ ಕಾಲಿಗೆ?”

ಬಾಳವ್ವ ಕಲ್ಲಿನಾಥನ ಕಾಲುಗಳನ್ನು ಒಮ್ಮೆ ನೋಡಿದಳು.

“ಹೌದ್ರಿ” ಎಂದಳು. “ಅಳೀಲಿ.”

ಅವಳ ಕಾಗದ ಪತ್ರ ಪೆಟ್ಟಿಗೆಯಲ್ಲಿರಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ್ದ ಒಂದು ಕರಿ ಗಡಿಗೆಯೊಳಗಿತ್ತು. ಹೊಳೆ ಮನೆಯೊಳಗೆ ಬಂದ ದಿನ ಆ ಗಡಿಗೆ ತೇಲಿತ್ತೇ ಹೊರತು ಮುಳುಗಿರಲಿಲ್ಲ. ಅವಳ ಟಿಪ್ಪಣಿಯಲ್ಲಿ ಎರಡು ಹೊಲದ ನಡುವಿನ ಕಲ್ಲಿನಿಂದ ರಸ್ತೆ ಬದಿಯ ಕಲ್ಲಿಗೆ ಎಂಟು ಸರಪಳಿ, ನಾಲ್ಕಾಣೆ ಎಂದಿತ್ತು.

ಕಲ್ಲಿನಾಥ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕದ್ದ ಎಂಟಾಣೆ ಸೇರಿದರೆ ಎಂಟು ಸರಪಳಿ ಹನ್ನೆರಡಾಣೆ ಬರಬೇಕು.

ಸರಪಳಿಯ ಹಿಂದಿನ ತುದಿಯನ್ನು ಬಾಳವ್ವನೇ ಹಿಡಿದಳು. “ಬಿಗಿಯಾಗಿ ಹಿಡಿ” ಎಂದು ಅವನು ಹೇಳಿದ್ದಕ್ಕೆ, “ಮಣ್ಣು ಹಿಡಿಯೋ ಕೈ ಇದು, ನೀ ಎಳೀಬ್ಯಾಡ” ಎಂದಳು. ಕಳ್ಳಿಯ ಸಾಲಿನಿಂದ ಹೊರಟು ರಸ್ತೆ ಬದಿಯ ಕಲ್ಲು ಮುಟ್ಟಿದರು.

ಎಂಟು ಸರಪಳಿ.

ಕಲ್ಲಿನಾಥ ತಿರುಗಿ ಅಳೆದ. ಎಂಟೇ.

“ತಮ್ಮಾ” ಎಂದಳು ಬಾಳವ್ವ, “ನಂದೂ ನಾಕಾಣಿ ಹೋಗೇತಲ್ಲೋ. ನಾ ಈಗ ಯಾರ ಮ್ಯಾಲ ದೂರು ಕೊಡ್ಲಿ?”

ಕಳ್ಳಿ ಎಂದುಕೊಂಡವಳ ಮನೆಯಲ್ಲೂ ಕಳ್ಳತನವಾಗಿತ್ತು. ಕಲ್ಲಿನಾಥ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಆಶ್ರಮಕ್ಕೆ ಬಂದ.

“ಗುರುಗಳೇ, ಟಿಪ್ಪಣಿಯೇ ತಪ್ಪಿರಬೇಕು.”

“ಎರಡೂ?”

“ಹಾಗಾದರೆ ಹೊಳೆ ನೆಲ ಕೊಚ್ಚಿಕೊಂಡು ಹೋಗಿರಬೇಕು.”

“ಹೊಳೆ ರಸ್ತೆಯ ತನಕ ಹೋಗಿತ್ತೇ? ದಿಬ್ಬ ಹತ್ತಿತ್ತೇ?”

“ಇಲ್ಲ.”

“ಎರಡೂ ಹೊಲಕ್ಕೆ ಹೋಗಿ ಬಂದವರು ಯಾರು?”

“ನಾನು” ಎಂದ ಕಲ್ಲಿನಾಥ. ಆಮೇಲೆ ಅವನ ಕಣ್ಣು ತನ್ನ ಹೆಗಲಿನ ಮೇಲಿದ್ದ ಸರಪಳಿಯ ಕಡೆ ಹೋಯಿತು.

ಗುರುಗಳು ಎದ್ದು ಮೂಲೆಯಲ್ಲಿದ್ದ ಸಲಿಕೆಯನ್ನು ತಂದು ಅವನ ಕೈಗೆ ಕೊಟ್ಟರು.

ಹೊಳೆಯ ಮೆಟ್ಟಿಲಿನ ಹೂಳು ತೆಗೆಯಲು ಬಿಸಿಲು ಇಳಿಯುವ ತನಕ ಹಿಡಿಯಿತು. ಮೊದಲ ಗೀರು ಕಂಡಿತು. ಆಮೇಲೆ ಎರಡನೆಯದು. ಕಲ್ಲಿನಾಥ ಮೆಟ್ಟಿಲು ತೊಳೆದು, ಸರಪಳಿಯ ಒಂದು ತುದಿಯನ್ನು ಒಂದು ಗೀರಿಗೆ ಸರಿಯಾಗಿ ಇಟ್ಟು, ಇನ್ನೊಂದು ತುದಿಯ ಹತ್ತಿರ ಹೋಗಿ ಕೂತ.

ಸರಪಳಿ ಗೀರು ದಾಟಿ ಮುಂದೆ ಬಂದಿತ್ತು. ಒಂದು ಗೇಣು, ಮೇಲೆ ನಾಲ್ಕು ಬೆರಳು. ಅರ್ಧ ಆಣೆ.

ಅವನು ಒಂದು ಉಂಗುರವನ್ನು ಬೆಳಕಿಗೆ ಹಿಡಿದ. ಗುಂಡಗಿರಬೇಕಿದ್ದದ್ದು ಕೋಳಿಮೊಟ್ಟೆಯಂತೆ ಉದ್ದವಾಗಿತ್ತು. ಅದರ ಪಕ್ಕದ್ದೂ ಹಾಗೆಯೇ. ಎಲ್ಲವೂ ಹಾಗೆಯೇ. ದಿಮ್ಮಿ ಎಳೆಸಿದ ದಿನ ಕೈಗೆ ಸಿಕ್ಕಿದ್ದು ಹಗ್ಗವಲ್ಲ, ಇದು.

ಹಾಸಿದ ಒಂದೊಂದು ಸರಪಳಿಗೆ ಅರ್ಧ ಆಣೆ ನೆಲ ಲೆಕ್ಕ ತಪ್ಪಿಸಿಕೊಂಡಿತ್ತು. ಹದಿನಾರು ಸರಪಳಿಗೆ ಎಂಟಾಣೆ. ಎಂಟು ಸರಪಳಿಗೆ ನಾಲ್ಕಾಣೆ. ಈ ಸಲ ಲೆಕ್ಕ ಸರಿಹೋಯಿತು.

ಅವನು ಗುರುಗಳ ಎದುರು ಹೋಗಿ ನಿಂತ.

“ದಿಮ್ಮಿಯನ್ನು ಸರಪಳಿಯಲ್ಲಿ ಬಿಗಿದು ಎಳೆಸಿದ್ದೆ.”

“ಗೊತ್ತು. ಎತ್ತಿನವನು ಹೇಳಿದ.”

“ಬೆಳಿಗ್ಗೆಯೇ ಹೇಳಬಹುದಿತ್ತಲ್ಲ, ಗುರುಗಳೇ! ನಾನು ಬಾಳವ್ವನ ಆವಿಗೆ ಬಿಚ್ಚಿಸಿಬಿಡುತ್ತಿದ್ದೆ.”

“ಬಿಚ್ಚಿಸಲು ನಾನು ಬಿಡುತ್ತಿರಲಿಲ್ಲ. ಆದರೆ ನಾನು ಹೇಳಿದ್ದರೆ ನೀನು ಸರಪಳಿಯನ್ನು ಬೈದು ಸುಮ್ಮನಾಗುತ್ತಿದ್ದೆ.”

ಕಲ್ಲಿನಾಥ ತಲೆ ತಗ್ಗಿಸಿದ. “ಆ ಗೂಟ ಇನ್ನೂ ಅಲ್ಲೇ ಇದೆ.”

“ಹೌದಲ್ಲ. ಹೊಡೆದವನು ಇಲ್ಲಿ ನಿಂತಿದ್ದಾನೆ.”

ಅವನು ಓಡಿದ. ಬಾಳವ್ವ ಆವಿಗೆಯ ಮಗ್ಗುಲಲ್ಲಿ ಕೂತಿದ್ದಳು. ಅವನು ಗೂಟ ಕಿತ್ತು, ಆದ ತೂತಿಗೆ ಹಸಿ ಮಣ್ಣು ಮೆತ್ತಿದ. ಅವಳು ಅವನ ಕೈಯನ್ನೇ ನೋಡುತ್ತಿದ್ದು, ಅವನು ಮೆತ್ತಿದ್ದನ್ನು ತೆಗೆದುಹಾಕಿ ತಾನೇ ಸರಿಯಾಗಿ ಮೆತ್ತಿದಳು.

“ತಪ್ಪಾಯಿತವ್ವ” ಎಂದ ಕಲ್ಲಿನಾಥ.

“ತಪ್ಪು ಸರಪಳೀದೋ, ನಿಂದೋ?”

“ನಂದು.”

“ಹಂಗಾರ ನಾಳೆ ಮುಂಜಾನೆ ಬಂದು ಕಟಗಿ ಹೊರು. ಮುನ್ನೂರು ಗಡಿಗಿ ಸುಡಬೇಕು.”

ಮರುದಿನ ಕಲ್ಲಿನಾಥ ಕಟ್ಟಿಗೆ ಹೊತ್ತ. ಆವಿಗೆಗೆ ಬೆಂಕಿ ಬಿತ್ತು. ಆಮೇಲೆ ಅವನು ಆಶ್ರಮದ ಅಂಗಳದಲ್ಲಿ ಕಲ್ಲಿನ ಮೇಲೆ ಸರಪಳಿ ಇಟ್ಟುಕೊಂಡು, ಸುತ್ತಿಗೆಯಿಂದ ಒಂದೊಂದೇ ಉಂಗುರವನ್ನು ಬಡಿದು ಗುಂಡಗೆ ಮಾಡತೊಡಗಿದ. ಗೀರಿನ ಮೇಲೆ ಹಾಸಿ ನೋಡುವುದು, ಹೆಚ್ಚಿದರೆ ಮತ್ತೆ ಬಡಿಯುವುದು. ಎರಡು ದಿನ ಅದೇ ಕೆಲಸ.

ಮೂರನೆಯ ದಿನ ಪಡುವಣ ಕಲ್ಲಿನಿಂದ ಹದಿನಾರು ಸರಪಳಿ ಎಂಟಾಣೆ ಅಳೆದ. ಕಳ್ಳಿಯ ಬುಡಕ್ಕೆ ಬಂತು. ಅಲ್ಲಿ ಮೊಳದುದ್ದ ಅಗೆದಾಗ ಸಲಿಕೆ ಟಣ್ ಎಂದಿತು. ಬಾಂದುಕಲ್ಲಿನ ತಲೆ ಕಂಡಿತು.

“ನಾ ಹೇಳಿದ್ನಿಲ್ಲೋ!” ಎಂದಳು ಬಾಳವ್ವ. ಆಮೇಲೆ ಕಲ್ಲಿನ ಮೇಲಿನ ಮಣ್ಣನ್ನು ತನ್ನ ಸೆರಗಿನಿಂದಲೇ ಒರೆಸಿದಳು. “ಅದನ್ನ ಮ್ಯಾಲೆತ್ತಿ ನಿಲ್ಲಿಸು ತಮ್ಮಾ. ನನ್ನ ಕಾಲು ಎಷ್ಟು ದಿನ ಇರ್ತಾವು? ಕಲ್ಲು ಇರ್ತೈತಿ.”

ಇಬ್ಬರೂ ಸೇರಿ ನಿಲ್ಲಿಸಿದರು.

ಆ ಸಂಜೆ ಕಲ್ಲಿನಾಥ ಸರಪಳಿಯನ್ನು ಮಡಚಿ ಗುರುಗಳ ಕಾಲ ಬಳಿ ಇಟ್ಟ. “ಇದು ನನ್ನ ಕೈಗೆ ಬೇಡ, ಗುರುಗಳೇ.”

ಅವರು ಅದನ್ನು ಮುಟ್ಟಲಿಲ್ಲ. “ಕಾಲಿಗೆ ತೊಡರುತ್ತದೆ, ಗೂಟಕ್ಕೆ ಹಾಕು” ಎಂದು ಒಳಗೆ ಹೋದರು.

ಬೆಳಿಗ್ಗೆ ದೀಪ ಹಚ್ಚುವ ಮೊದಲೇ ಆಶ್ರಮದ ಬಾಗಿಲಲ್ಲಿ ಇಬ್ಬರು ಅಣ್ಣತಮ್ಮಂದಿರು ಬಂದು ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಹೊಲ ಪಾಲು ಮಾಡಿಸಿಕೊಳ್ಳಬೇಕಿತ್ತು. ಅವರ ಪಕ್ಕದಲ್ಲಿ, ಬಾಳವ್ವ ಯಾವಾಗಲೋ ತಂದಿಟ್ಟು ಹೋಗಿದ್ದ ಒಂದು ಹೊಸ ಗಡಿಗೆ ಇತ್ತು. ಇನ್ನೂ ಬೆಚ್ಚಗಿತ್ತು.

ಗೂಟ ಖಾಲಿಯಿತ್ತು.

ಗುರುಗಳು ಗಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೀರು ತರುವವರಂತೆ ಹೊಳೆಗೆ ಇಳಿದರು. ಕಲ್ಲಿನಾಥ ಕೆಳಗಿನ ಮೆಟ್ಟಿಲಿನ ಮೇಲೆ ಮೊಣಕಾಲೂರಿ ಕೂತಿದ್ದ. ಸರಪಳಿ ಗೀರಿನಿಂದ ಗೀರಿಗೆ ಮಲಗಿತ್ತು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲದೆ.

ಅವನು ಮುಖ ಎತ್ತಿದ. ಬಹಳ ದಿನಗಳ ಮೇಲೆ ಆ ಮುಖದಲ್ಲಿ ನಗು ಇತ್ತು.

“ಹದಿನಾರಾಣೆ ಸರಿಯಿದೆ, ಗುರುಗಳೇ.”

ಮರುಳಯ್ಯನವರು ಬಗ್ಗಿ ಗಡಿಗೆ ತುಂಬಿಕೊಂಡರು.

“ಇವತ್ತಿಗೆ.”