ಹುಣ್ಣಿಮೆಯೊಳಗೆ ತಿಳಿಸಲಾಗುವುದು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮದ ಮುಂದೆ ಒಂದು ಬಂಡೆ. ಬಂಡೆಯ ಮೇಲೆ ಆಶ್ರಮದ ಶಿಷ್ಯ ನೇಮರಸ.

ಬಂಡೆ ಎಷ್ಟು ಕಾಲದಿಂದ ಅಲ್ಲಿತ್ತೋ ಯಾರೂ ಬಲ್ಲವರಿಲ್ಲ. ನೇಮರಸ ಇಪ್ಪತ್ತಮೂರು ದಿನಗಳಿಂದ ಇದ್ದ.

ಅವನಿಗೆ ರಾಯಭಾರಿಯಾಗಬೇಕಿತ್ತು. ರಾಜಧಾನಿಯವರು ವರ್ಷಕ್ಕೊಮ್ಮೆ ಒಂಬತ್ತು ಜನರನ್ನು ಆರಿಸಿ, ಊಟ ವಸತಿ ಕೊಟ್ಟು ತರಬೇತಿ ಕೊಡುತ್ತಿದ್ದರು. ಪರದೇಶದ ಅರಸರ ಮುಂದೆ ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು, ಅರ್ಧ ದಿನ ಮಾತಾಡಿಯೂ ಏನನ್ನೂ ಹೇಳದೆ ಹೇಗೆ ಎದ್ದು ಬರಬೇಕು ಎಂಬುದನ್ನೆಲ್ಲ ಅಲ್ಲಿ ಕಲಿಸುತ್ತಿದ್ದರು. ಆ ವರ್ಷ ಒಂಬತ್ತು ಜಾಗಕ್ಕೆ ಒಂಬೈನೂರು ಅರ್ಜಿ ಹೋಗಿದ್ದವು.

ನೇಮರಸನಿಗೆ ಇಪ್ಪತ್ತೈದು ವರ್ಷ. ಇಪ್ಪತ್ತೈದು ದಾಟಿದವರು ಅರ್ಜಿ ಹಾಕುವಂತಿರಲಿಲ್ಲ. ಇದೇ ಕೊನೆಯ ಸಲ.

ಅರ್ಜಿ ತೆಗೆದುಕೊಂಡ ಅಧಿಕಾರಿ ಎರಡು ಮಾತು ಹೇಳಿದ್ದ. ಒಂದು: ಆಯ್ಕೆಯಾದವರು ಓಲೆ ತಂದ ಹರಿಗೋಲಿನಲ್ಲೇ ಒಪ್ಪಿಗೆ ಬರೆದು ಕಳಿಸಬೇಕು, ತಪ್ಪಿದರೆ ಆ ಜಾಗ ಹತ್ತನೆಯವನಿಗೆ. ಇನ್ನೊಂದು: ಫಲಿತಾಂಶವನ್ನು ಹುಣ್ಣಿಮೆಯೊಳಗೆ ತಿಳಿಸಲಾಗುವುದು.

ಯಾವ ಹುಣ್ಣಿಮೆ ಎಂದು ಹೇಳಿರಲಿಲ್ಲ. ಒಂದು ಆಗಲೇ ಬಂದು ಹೋಗಿತ್ತು.

ರಾಜಧಾನಿಯ ಓಲೆಗಳು ಜಟ್ಟೆಪ್ಪನ ಹರಿಗೋಲಿನಲ್ಲಿ ಬರುತ್ತಿದ್ದವು. ದಿನಾ ಮಧ್ಯಾಹ್ನ ಹರಿಗೋಲು ಗಿರಗಿರ ತಿರುಗುತ್ತ ಈಚೆ ದಂಡೆ ಮುಟ್ಟುವ ಮೊದಲೇ ನೇಮರಸ ಮೊಣಕಾಲು ನೀರಿನಲ್ಲಿ ನಿಂತಿರುತ್ತಿದ್ದ.

"ಜಟ್ಟೆಪ್ಪ, ಬಂತೇನು?"

"ಬಂದೈತಲ್ರಿ."

"ಎಲ್ಲಿ? ಕೊಡು!"

"ಎರಡು ಚೀಲ ಉಪ್ಪು, ಒಂದು ಆಡು, ನಮ್ಮ ಬೀಗರು. ಇದರಾಗ ನಿಮಗ ಯಾವುದು ಬೇಕು?"

ಬೀಗರು ಎದ್ದು ನಮಸ್ಕಾರ ಮಾಡಿದರು.

"ಆಚೆ ದಂಡಿ ಶಾನುಭೋಗರ ಮಗಗ ನಿನ್ನೆ ಓಲೆ ಬಂತ್ರಿ," ಎಂದ ಜಟ್ಟೆಪ್ಪ, ಹುಟ್ಟು ಒಳಗಿಡುತ್ತ. "ಅವನೂ ನಿಮ್ಮಂಗ ಅರ್ಜಿ ಹಾಕಿದ್ದ."

ನೇಮರಸ ಹರಿಗೋಲಿನ ಅಂಚು ಹಿಡಿದುಕೊಂಡ. "ಏನಂತೆ?"

"ಆಯ್ಕೆ ಆಗಿಲ್ಲಂತ. ಅವರ ಮನ್ಯಾಗ ಪಾಯಸ ಮಾಡ್ಯಾರ."

"ಆಯ್ಕೆಯಾಗದಿದ್ದರೆ ಪಾಯಸವೇ?"

"ಗೊತ್ತಾತಲ್ರಿ!"

ನೇಮರಸ ನೀರಿನಿಂದ ಮೇಲೆ ಬಂದು ಬಂಡೆಯ ಮೇಲೆ ಕೂತ. ಜಟ್ಟೆಪ್ಪನಿಗೆ ಪಾಪ ಅನ್ನಿಸಿತು.

"ನೀವು ದಿನಾ ಬಂದು ಬಿಸಿಲಾಗ ಕೂಡಬ್ಯಾಡ್ರಿ. ರಾಜಮುದ್ರೆ ಇದ್ದ ಓಲೆ ಬಂದ್ರ ಕೊಂಬು ಊದ್ತೀನಿ. ಸುತ್ತ ನಾಲ್ಕು ಊರಿಗೆ ಕೇಳತೈತಿ. ನೀವು ಬರೋ ಮಟ ಕಾಯ್ತೀನಿ, ಸಂಜಿ ತನಕ. ಆತಲ್ಲ?"

ಆಯಿತು ಎಂದು ನೇಮರಸ ಒಪ್ಪಿದ. ಮರುದಿನ, ಕೊಂಬಿನ ಸದ್ದು ಆಶ್ರಮದವರೆಗೆ ಕೇಳಿಸದೆ ಹೋದರೆ ಎಂದು ಯೋಚಿಸಿ, ಬಂಡೆಯ ಮೇಲೆ ಬಂದು ಕೂತ.

ಆಶ್ರಮದ ಬೊಪ್ಪ ಗುರುಗಳು ಮೂವತ್ತು ವರ್ಷ ರಾಯಭಾರಿಯಾಗಿದ್ದವರು. ಒಂದು ಯುದ್ಧವನ್ನು ತಪ್ಪಿಸಿದ್ದರೆಂದು ಜನ ಹೇಳುತ್ತಿದ್ದರು. ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ನಡೆಯದ ಯುದ್ಧವನ್ನು ಕಣ್ಣಾರೆ ಕಂಡವರು ಸಿಗುವುದು ಕಷ್ಟ.

ಆ ಸಂಜೆ ಅವರು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನೇಮರಸ ಬಂದು ಎದುರಿಗೆ ಕುಸಿದು ಕೂತ.

"ಗುರುಗಳೇ, ನನ್ನನ್ನು ಆರಿಸಿಲ್ಲ."

"ಹಾಗಂತ ಬರೆದರೇನು?"

"ಬರೆದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ."

"ನೀನು ಅವರಿಗೊಂದು ನೆನಪಿನ ಓಲೆ ಕಳಿಸಿದ್ದೆಯಲ್ಲ?"

"ಕಳಿಸಿ ಹತ್ತು ದಿನವಾಯಿತು. ಅದು ತಲುಪಿತೋ ಇಲ್ಲವೋ. ತಲುಪಿತೇ ಎಂದು ಕೇಳಿ ಇನ್ನೊಂದು ಬರೆಯೋಣ ಅಂತಿದ್ದೇನೆ."

"ಬರೆ. ಆ ಇನ್ನೊಂದು ತಲುಪಿತೇ ಎಂದು ಕೇಳುವುದಕ್ಕೂ ಒಂದು ತಾಳೆಗರಿ ತೆಗೆದಿಟ್ಟುಕೋ."

ನೇಮರಸ ತಲೆ ತಗ್ಗಿಸಿದ.

"ಅರ್ಜಿಯಲ್ಲಿ ಏನು ಬರೆಯಲು ಹೇಳಿದ್ದರು?"

"ರಾಯಭಾರಿಗೆ ಬೇಕಾದ ಮುಖ್ಯ ಗುಣ ಯಾವುದೆಂದು ಒಂದು ಪ್ರಬಂಧ."

"ಯಾವುದು ಅಂತ ಬರೆದೆ?"

"ತಾಳ್ಮೆ. ನಲವತ್ತು ಗರಿ ತುಂಬಿತು. ಒಂದೇ ದಿನದಲ್ಲಿ ಮುಗಿಸಿದೆ."

ಗುರುಗಳು ಒಂದು ಬೀಜ ತೆಗೆದು ಪಕ್ಕಕ್ಕಿಟ್ಟರು.

"ನನ್ನದೊಂದು ಕೆಲಸವಿದೆ, ಮಾಡುತ್ತೀಯಾ?" ಎಂದರು.

ಕೆಲಸ ಸಣ್ಣದೇ. ಆಶ್ರಮದ ಹಸು ಕಪಿಲೆ ವರ್ಷಗಟ್ಟಲೆ ಅಹಿಂಸೆಯ ಪಾಠ ಕೇಳಿಸಿಕೊಂಡೇ ಬೆಳೆದಿತ್ತು. ಆದರೂ ಮೇಲಿನ ತೂಬಿನಹಳ್ಳಿಗೆ ನುಗ್ಗಿ ಗೌಡತಿ ಹೊನ್ನವ್ವನ ಬದನೆ ಸಸಿಗಳನ್ನು ಒಂದೂ ಬಿಡದಂತೆ ಮೇದಿತ್ತು. ಹಳ್ಳಿಯವರು ಕಾಲುವೆಯ ತೂಬು ಮುಚ್ಚಿದ್ದರು. ಆಶ್ರಮದ ತೋಟ ಬಾಡುತ್ತಿತ್ತು. ಕೆಳಗಿನ ಕೇರಿಯ ಮೂವತ್ತು ಮನೆಗಳ ನೆಲ್ಲಿಗೂ ಅದೇ ನೀರು.

"ಹೊನ್ನವ್ವನ ಹತ್ತಿರ ಹೋಗು. ತಪ್ಪಾಯಿತು ಅಂತ ಹೇಳಿ, ತೂಬು ಎತ್ತಿಸಿ ಅಂತ ಕೇಳು. ಅವಳ ಉತ್ತರ ತಗೊಂಡು ಬಾ."

ನೇಮರಸ ಕೇಳಿದ್ದು ಒಂದೇ ಮಾತು. "ಹರಿಗೋಲಿನ ಹೊತ್ತಿಗೆ ಮರಳಬಹುದೇ, ಗುರುಗಳೇ?"

"ನೋಡು," ಎಂದರು ಗುರುಗಳು.

ಮರುದಿನ ಬೆಳಿಗ್ಗೆಯೇ ಹೊರಟ. ಹೊನ್ನವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನೇಮರಸ ಕೈಮುಗಿದು, ಬರುವ ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತನ್ನು ಚೆನ್ನಾಗಿ ಒಪ್ಪಿಸಿದ. ಕ್ಷಮೆ ಇತ್ತು, ವಿನಯ ಇತ್ತು, ನೆರೆಹೊರೆಯ ಬಾಂಧವ್ಯದ ಬಗ್ಗೆ ಎರಡು ವಾಕ್ಯವೂ ಇದ್ದವು.

ಹೊನ್ನವ್ವ ಕೇಳಿಸಿಕೊಂಡಳು. "ಕೂಡು ತಮ್ಮಾ. ಉಣ್ಣು."

ಒಂದು ರೊಟ್ಟಿ ಹಾಕಿದಳು. "ನಿಮ್ಮವ್ವ ಆರಾಮ ಅದಾಳೇನು?"

ಇನ್ನೊಂದು ಹಾಕಿದಳು. "ನಮ್ಮ ಎಮ್ಮಿ ಕರ ಹಾಕೈತಿ. ನೋಡಿದೇನು?"

ತೂಬಿನ ಮಾತಿಲ್ಲ. ಬಿಸಿಲು ಅಂಗಳದ ತುಳಸಿಕಟ್ಟೆ ದಾಟುತ್ತಿತ್ತು. ಹರಿಗೋಲು ಆಚೆ ದಂಡೆ ಬಿಟ್ಟಿರಬೇಕು. ನೇಮರಸ ಕೈ ತೊಳೆದು ಎದ್ದ.

"ಹೋಗಿ ಬರ್ತೀನವ್ವಾ."

ಹೊನ್ನವ್ವ ಹಂಚಿನ ಮೇಲಿನ ರೊಟ್ಟಿಯನ್ನು ನೋಡಿದಳು. "ಹಂಗಾದ್ರ ಹೋಗಪ್ಪಾ."

ಅವನು ಓಡಿದ. ಹೊಳೆಗೆ ಸರಿಯಾದ ಹೊತ್ತಿಗೇ ಬಂದ. ಹರಿಗೋಲಿನಲ್ಲಿ ಬೆಲ್ಲದ ಪೆಂಟೆಗಳಿದ್ದವು.

"ಅವಳು ಒಪ್ಪಲಿಲ್ಲ ಗುರುಗಳೇ," ಎಂದು ಆಶ್ರಮಕ್ಕೆ ಬಂದು ಹೇಳಿದ.

"ಒಪ್ಪುವುದಿಲ್ಲ ಅಂದಳೇನು?"

"ಏನೂ ಅನ್ನಲಿಲ್ಲ. ರೊಟ್ಟಿ ಕೊಟ್ಟಳು. ಎಮ್ಮೆ ಕರು ಹಾಕಿದ್ದು ಹೇಳಿದಳು."

"ಎಷ್ಟು ರೊಟ್ಟಿ?"

"ಎರಡು. ಮೂರನೆಯದು ಹಂಚಿನ ಮೇಲಿತ್ತು."

"ಅದು ಹಂಚಿನ ಮೇಲಿರುವಾಗಲೇ ಎದ್ದು ಬಂದೆಯಾ?"

"ಹರಿಗೋಲಿನ ಹೊತ್ತಾಗಿತ್ತು."

ಗುರುಗಳು ಹುಣಸೆಹಣ್ಣಿನ ತಟ್ಟೆ ಪಕ್ಕಕ್ಕೆ ಸರಿಸಿದರು.

"ತೂಬಿನಹಳ್ಳಿಯಲ್ಲಿ ಒಂದು ಪದ್ಧತಿ ಇದೆ, ನೇಮರಸ. ಆಗುವುದಿಲ್ಲ ಅನ್ನುವುದಿದ್ದರೆ ಬಾಗಿಲಲ್ಲೇ ಅಂದುಬಿಡುತ್ತಾರೆ. ಕೂರಿಸಿ ಉಣ್ಣಿಸಿದರು ಅಂದರೆ ಯೋಚನೆ ಮಾಡುತ್ತಿದ್ದಾರೆ ಅಂತ. ಉತ್ತರಕ್ಕೆ ಕಾಯದೆ ಎದ್ದವನು ತನ್ನ ಪ್ರಶ್ನೆಯನ್ನು ತಾನೇ ವಾಪಸು ತಗೊಂಡ ಹಾಗೆ."

"ತಾವು ಮೊದಲೇ ಹೇಳಬಹುದಿತ್ತು."

"ನೀನು ಕೇಳಬಹುದಿತ್ತು. ಹರಿಗೋಲಿನ ಹೊತ್ತು ಕೇಳಿದೆ."

"ಮತ್ತೆ ಹೋಗಿ ಕೇಳಲೇ?"

"ಎರಡನೆಯ ಸಲ ಕೇಳಬಹುದು. ಮೂರನೆಯ ಸಲ ಕೇಳುವ ರೂಢಿ ಅಲ್ಲಿಲ್ಲ."

"ಎಷ್ಟು ದಿನ ಕಾಯಬೇಕು?"

"ಅದು ಅವರಿಗೆ ಗೊತ್ತು. ನನಗೊಮ್ಮೆ ಹನ್ನೊಂದು ದಿನ ಹಿಡಿಯಿತು."

ನೇಮರಸ ಹೊಳೆಯ ಕಡೆ ನೋಡಿದ. ಬಾಡಿದ ತೋಟದ ಕಡೆ ನೋಡಿದ. ಬೆಳಿಗ್ಗೆ ಎದ್ದು ಮತ್ತೆ ತೂಬಿನಹಳ್ಳಿಯ ದಾರಿ ಹಿಡಿದ.

"ನಿನ್ನೆ ಒಬ್ಬ ಬಂದಿದ್ದ," ಎಂದಳು ಹೊನ್ನವ್ವ. "ನಿನ್ನಂಗ ಇದ್ದ."

"ನಾನೇ ಅವ್ವಾ ಅದು."

"ಹೌದೇನು? ಬೆನ್ನು ಚೆನ್ನಾಗಿ ನೆನಪೈತಿ. ಮುಖ ಅಷ್ಟು ನೋಡಿದ್ದಿಲ್ಲ."

ನೇಮರಸ ತಪ್ಪಾಯಿತು ಎಂದ. ತೂಬು ಎತ್ತಿಸಿ ಎಂದ. ಬಾಂಧವ್ಯದ ವಾಕ್ಯಗಳನ್ನು ಬಿಟ್ಟುಬಿಟ್ಟ.

ಹೊನ್ನವ್ವ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಒಂದು ಬುಟ್ಟಿ ಹೊಸ ಬದನೆ ಸಸಿ ತಂದು ಅವನ ಮುಂದಿಟ್ಟು ಒಳಗೆ ಹೋದಳು. ನೇಮರಸ ಬುಟ್ಟಿಯನ್ನು ನೋಡಿದ. ಪಂಚೆ ಎತ್ತಿ ಕಟ್ಟಿ, ಬರಿದಾದ ಬದನೆ ಮಡಿಗೆ ಇಳಿದು ನೆಡತೊಡಗಿದ. ಮಧ್ಯಾಹ್ನವಾದಾಗ ಕಿವಿ ತಾನಾಗಿ ಹೊಳೆಯ ಕಡೆ ತಿರುಗಿತು. ಏನೂ ಕೇಳಿಸಲಿಲ್ಲ. ರಾತ್ರಿ ಹೊನ್ನವ್ವನ ಜಗಲಿಯಲ್ಲೇ ಮಲಗಿದ.

ಎರಡನೆಯ ದಿನ ಉಳಿದ ಸಸಿ ನೆಟ್ಟು ನೀರು ಹಾಕಿ ಊಟಕ್ಕೆ ಕೂತ.

"ಬದನಿಕಾಯಿ ಪಲ್ಯ ಮಾಡಬೇಕಂತಿದ್ದೆ," ಎಂದಳು ಹೊನ್ನವ್ವ. "ನಿಮ್ಮ ಹಸು ಉಂಡು ಹೋಗೈತಿ. ಅಗಸಿ ಚಟ್ನಿಯಾಗ ಉಣ್ಣು."

ಒಂದು ರೊಟ್ಟಿ ಆಯಿತು. ಎರಡು ಆಯಿತು. ಮೂರನೆಯದನ್ನು ಅವಳು ಬಡಿದು ಹಂಚಿಗೆ ಹಾಕಿದಳು.

ಆಗ ಹೊಳೆಯ ಕಡೆಯಿಂದ ಕೊಂಬು ಕೇಳಿಸಿತು.

ನೇಮರಸ ಎದ್ದು ನಿಂತಿದ್ದ. ಯಾವಾಗ ಎದ್ದನೆಂದು ಅವನಿಗೇ ಗೊತ್ತಾಗಲಿಲ್ಲ.

"ಯಾರಿಗೋ ಓಲೆ ಬಂದಂಗೈತಿ," ಎಂದಳು ಹೊನ್ನವ್ವ, ರೊಟ್ಟಿಯ ಮೇಲೆ ನೀರು ಸವರುತ್ತ.

"ಹೌದವ್ವಾ."

"ಯಾರಿಗಿದ್ದೀತು?"

"ನನಗೇ ಇರಬೇಕು."

"ದೊಡ್ಡ ಓಲೆಯೇನು?"

"ನನಗೆ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ."

ಹೊನ್ನವ್ವ ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ಕೊಂಬು ಎರಡನೆಯ ಸಲ ಮೊಳಗಿತು. ಓಡಿದರೆ ಹರಿಗೋಲು ಸಿಗುತ್ತಿತ್ತು. ಸಂಜೆಯ ಮೇಲೆ ಜಾಗ ಹತ್ತನೆಯವನದು. ನೇಮರಸನ ಚಪ್ಪಲಿ ಬಾಗಿಲಲ್ಲಿದ್ದವು, ಮೂತಿ ಹೊರಗೆ ಮಾಡಿಕೊಂಡು. ಅವನೇ ಹಾಗೆ ಬಿಟ್ಟಿದ್ದ.

ಬಾಗಿಲಾಚೆ ಬದನೆಯ ಮಡಿ ಕಾಣುತ್ತಿತ್ತು. ಅದರಾಚೆ ಒಣಗಿದ ಕಾಲುವೆ.

ಹಂಚಿನ ಮೇಲೆ ರೊಟ್ಟಿ ಉಬ್ಬತೊಡಗಿತು.

"ಹೋಗ್ತೀಯೇನಪ್ಪಾ?" ಎಂದಳು ಹೊನ್ನವ್ವ.

ನೇಮರಸ ಕೂತ.

"ರೊಟ್ಟಿ ಇನ್ನೂ ಬೆಂದಿಲ್ಲವಲ್ಲ ಅವ್ವಾ."

ಅವಳು ರೊಟ್ಟಿ ತಿರುವಿ ಹಾಕಿದಳು. ಕೊಂಬು ಮೂರನೆಯ ಸಲ ಮೊಳಗಿತು. ಆಮೇಲೆ ಮೊಳಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವನು ಸಸಿಗಳಿಗೆ ನೀರು ಹಾಕುತ್ತಿದ್ದಾಗ ಹೊನ್ನವ್ವ ಬದುವಿನ ಮೇಲೆ ಬಂದು ನಿಂತಳು.

"ನಿಮ್ಮ ಗುರುಗಳಿಗೆ ಹೇಳು. ನಾಳೆ ಮುಂಜಾನೆ ತೂಬು ಎತ್ತತೀವಿ. ಹಸು ಕಟ್ಟಿ ಹಾಕ್ರಿ. ಮೊದಲ ಕಾಯಿ ಆಶ್ರಮಕ್ಕ ಕಳಸ್ತೀನಿ. ಹಸುವಿಗಲ್ಲ ಮತ್ತ."

ನೇಮರಸ ಆಶ್ರಮ ಮುಟ್ಟಿದಾಗ ಗುರುಗಳು ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಉಂಡೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಜಾಡಿ. ಜಾಡಿಯ ಕೆಳಗೆ ರಾಜಮುದ್ರೆಯ ಓಲೆ.

ಅವನು ಓಲೆಯನ್ನು ನೋಡಿದ. ನೋಡಿ, ಕೈಕಟ್ಟಿ ನಿಂತು, ಹೊನ್ನವ್ವನ ಮಾತನ್ನು ಮೊದಲಿನಿಂದ ಕೊನೆಯವರೆಗೆ, ಹಸುವಿನದೂ ಸೇರಿ, ಒಂದಕ್ಷರ ಬಿಡದೆ ಒಪ್ಪಿಸಿದ.

"ನೀನೇನಾದರೂ ಸೇರಿಸುವುದಿದೆಯೇ?"

"ಇಲ್ಲ, ಗುರುಗಳೇ. ಅಷ್ಟೇ."

ಗುರುಗಳು ಜಾಡಿ ಎತ್ತಿದರು. "ಜಟ್ಟೆಪ್ಪ ನಿನ್ನೆ ಹೊತ್ತು ಮುಳುಗುವ ತನಕ ಕಾದ. ಆಮೇಲೆ ಓಲೆ ಇಲ್ಲಿ ಕೊಟ್ಟು ಹೋದ."

"ಏನು ಬರೆದಿದ್ದಾರೆ?"

"ನಿನ್ನ ಹೆಸರಿಗೆ ಬಂದದ್ದು. ನಾನು ಒಡೆದಿಲ್ಲ."

ನೇಮರಸ ಮುದ್ರೆ ಒಡೆದ. ಗಟ್ಟಿಯಾಗಿ ಓದಿದ.

"ತಾವು ಕಳಿಸಿದ ನೆನಪಿನ ಓಲೆ ತಲುಪಿದೆ. ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಫಲಿತಾಂಶವನ್ನು ಹುಣ್ಣಿಮೆಯೊಳಗೆ ತಿಳಿಸಲಾಗುವುದು."

ತಿರುಗಿಸಿ ಹಿಂಬದಿ ನೋಡಿದ. ಏನೂ ಇರಲಿಲ್ಲ.

ಅವನಿಗೆ ನಗು ಬಂತು. ಒಂದು ತಿಂಗಳಲ್ಲಿ ಮೊದಲ ಸಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಓಲೆಯನ್ನು ಸುತ್ತಿಟ್ಟು, ಗುರುಗಳ ಎದುರಿಗೆ ಕೂತು ಒಂದು ಹುಣಸೆ ಉಂಡೆ ಕಟ್ಟತೊಡಗಿದ.

"ಇನ್ನೂ ಎಷ್ಟು ದಿನ ಕಾಯಬೇಕೋ, ಗುರುಗಳೇ."

"ಅದಿರಲಿ," ಎಂದರು ಗುರುಗಳು. "ಆ ಮೂರನೆಯ ರೊಟ್ಟಿ ಹೇಗಿತ್ತು?"