ಅಂಬಿಗರ ಚಿಕ್ಕತಾಯಿ ತೀರಿಸಿಕೊಂಡ ಸೇಡು

ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಂತೆ, ಕಾವೇರಿ ದಡದಲ್ಲಿ ಚಿಕ್ಕತಾಯಿ ಅಂತ ಒಬ್ಬಳು ಅಂಬಿಗರ ಹುಡುಗಿ ಇದ್ದಳಂತೆ. ಅಪ್ಪ ಅಮ್ಮ ಇಲ್ಲ, ಇದ್ದವನು ಚೆಲುವ ಅನ್ನೋ ತಮ್ಮ ಒಬ್ಬನೇ, ಅವನಿಗೆ ಗಂಜಿ ಕುಡಿಸಿ, ಈಜು ಕಲಿಸಿ, ಹರಿಗೋಲು ನಡೆಸೋದು ಹೇಳಿಕೊಟ್ಟು, ಮೀಸೆ ಬರೋವರೆಗೂ ಇವಳೇ ಸಾಕಿದ್ದಳಂತೆ.

ಆಮೇಲೆ ಒಂದು ದಿನ ಹೊಳೆ ತುಂಬಿ ಹರೀತಿತ್ತು, ಪಾಳೇಗಾರನ ಬಾಮೈದ ದೊಡ್ಡವೀರ ಅನ್ನೋನು ಬಂದು ಈಗಲೇ ದಾಟಿಸೋ ಅಂದನಂತೆ. ಇವತ್ತು ಬೇಡ ಬುದ್ಧಿ, ನೀರು ಇಳೀಲಿ ಅಂದನಂತೆ ಚೆಲುವ. ಅಷ್ಟಕ್ಕೇ ಆ ಪಾಪಿ ಅವನ ಕೈಲಿದ್ದ ಹುಟ್ಟು ಕಿತ್ಕೊಂಡು ಅವನ ತಲೆಗೇ ಬಾರಿಸಿ, ಹರಿಗೋಲಿಗೆ ತಳ್ಳಿ, ಹಗ್ಗ ಬಿಚ್ಚಿಬಿಟ್ಟನಂತೆ. ಮೂರನೇ ದಿನ ಬರೀ ಹರಿಗೋಲು ಸಿಕ್ಕಿತಂತೆ ಕಂದ, ಹುಡುಗ ಸಿಗಲಿಲ್ಲವಂತೆ.

ಬಟ್ಟೆ ಒಗೆಯೋ ಪುಟ್ಟಕ್ಕ ಎಲ್ಲಾನೂ ಕಣ್ಣಾರೆ ಕಂಡಿದ್ದಳು. ಚಿಕ್ಕತಾಯಿ ಕಿವೀಲಿ ಹೇಳಿ, ನನ್ನ ಹೆಸರು ಎತ್ತಬೇಡ ಕಣವ್ವ, ನಂಗೂ ಮಕ್ಕಳಿವೆ ಅಂದಳಂತೆ. ಚಿಕ್ಕತಾಯಿ ಪಾಳೇಗಾರನ ಹತ್ರ ಹೋಗಿ ಅತ್ತರೆ ಅವನು, ಹೊಳೆ ಮಾಡಿದ್ದಕ್ಕೆ ನನ್ನ ಬಾಮೈದನ್ನ ಯಾಕೆ ಎಳೀತೀಯ, ನಡಿ ಆಚೆ ಅಂದನಂತೆ. ಸರಿ, ಹಂಗಾದರೆ ನಾನೇ ಅವನನ್ನ ಹೊಳೆಗೆ ಕೊಡ್ತೀನಿ ಅಂತ ಚಿಕ್ಕತಾಯಿ ಕಣ್ಣು ಒರೆಸ್ಕೊಂಡು, ತಮ್ಮನ ಹರಿಗೋಲು ತಾನೇ ಹಾಕೋಕೆ ಶುರುಮಾಡಿದಳಂತೆ. ಹೆದರ್ಕೋಬೇಡ ಕಂದ, ಹತ್ರ ಬಾ, ನನ್ನ ಮೇಲೆ ಕಾಲು ಹಾಕ್ಕೋ.

ಅಂಬಿಗರದ್ದು ಒಂದು ಪದ್ಧತಿ ಕಂದ. ಹರಿಗೋಲು ಬಿಡೋ ಮುಂಚೆ ಒಂದು ಬೊಗಸೆ ನೀರು ಎತ್ತಿ, ಗಂಗವ್ವಾ, ಹತ್ತಿದೋರನ್ನ ದಡ ಮುಟ್ಟಿಸ್ತೀನಿ ಅಂತ ಮಾತು ಕೊಡಬೇಕು. ಕೊಟ್ಟ ಮೇಲೆ ಹತ್ತಿರೋನು ಹುಲಿಯಾದರೂ ದಡ ಸೇರಿಸಲೇಬೇಕು.

ಮೊದಲನೇ ಸಲ ದೊಡ್ಡವೀರ ಬಂದ. ತಾನು ಕೊಂದವನಿಗೆ ಅಕ್ಕ ಇದ್ದಾಳೆ ಅಂತಾನೂ ಅವನಿಗೆ ಗೊತ್ತಿಲ್ಲ, ದೊಡ್ಡೋರು ಅಂಬಿಗರ ಮುಖ ಎಲ್ಲಿ ನೋಡ್ತಾರೆ! ಚಿಕ್ಕತಾಯಿ ಇವತ್ತು ಮುಳುಗಿಸೇಬಿಡ್ತೀನಿ ಅಂದ್ಕೊಂಡು ಕೂತಳು, ಆದರೆ ಏನು ಮಾಡೋದು, ಹುಟ್ಟಿದಾಗಿಂದ ಬಂದ ಅಭ್ಯಾಸ, ಕೈ ತಾನಾಗೇ ನೀರು ಎತ್ತಿತು, ಬಾಯಿ ತಾನಾಗೇ ಮಾತು ಕೊಟ್ಟುಬಿಟ್ಟಿತಂತೆ. ಪೆದ್ದಿ! ದಡ ಸೇರಿಸಿ ಬಂದು ತನ್ನ ಬಾಯಿಗೆ ತಾನೇ ಹೊಡ್ಕೊಂಡಳಂತೆ.

ಎರಡನೇ ಸಲ ಮಾತು ಹೊರಗೆ ಬರದ ಹಂಗೆ ಬಾಯಿ ತುಂಬ ಎಲೆಅಡಿಕೆ ತುರುಕ್ಕೊಂಡು ಕೂತಳಂತೆ. ಅವತ್ತು ಅವನು ಮಗಳನ್ನ ಕರ್ಕೊಂಡು ಬಂದಿದ್ದ, ನಿನ್ನಷ್ಟೇ ಇದ್ದಳಂತೆ ಅವಳು. ಅಕ್ಕಾ, ಗಂಗವ್ವನಿಗೆ ಹೇಳಲ್ವಾ ಅಂತ ಕೇಳಿ, ಪುಟ್ಟ ಬೊಗಸೇಲಿ ಆ ಮಗೂನೇ ನೀರು ಎತ್ತಿತಂತೆ. ಆ ಮುಖ ನೋಡಿ ಚಿಕ್ಕತಾಯಿ ಎಲೆಅಡಿಕೆ ಉಗಿದು ಮಾತು ಕೊಟ್ಟಳಂತೆ.

ಮೂರನೇ ಸಲ ಅವನು ಒಬ್ಬನೇ ಬಂದ. ಚಿಕ್ಕತಾಯಿ ಎರಡು ಕೈಲೂ ಹುಟ್ಟು ಬಿಗಿಯಾಗಿ ಹಿಡಿದು, ನೀರು ಮುಟ್ಟದೆ, ತುಟಿ ಬಿಚ್ಚದೆ ಹರಿಗೋಲು ಬಿಟ್ಟಳಂತೆ. ನಡುಹೊಳೇಲಿ ಹುಟ್ಟನ್ನ ಅವನ ತೊಡೆ ಮೇಲೆ ಎಸೆದು, ನಾನು ಚೆಲುವನ ಅಕ್ಕ, ನೀನೇ ಹಾಕ್ಕೊಂಡು ಹೋಗು ಅಂದವಳೇ ನೀರಿಗೆ ಹಾರಿ, ಈಜಿ ದಡಕ್ಕೆ ಬಂದು ಸೆರಗು ಹಿಂಡ್ತಾ ಕೂತಳಂತೆ.

ಹರಿಗೋಲು ಗಿರಗಿರ ತಿರುಗ್ತಾ ಸುಳಿ ಕಡೆ ಹೋಯ್ತು. ಅವನಿಗೆ ಈಜೂ ಬರಲ್ಲ, ಹುಟ್ಟು ಹಾಕೋಕೂ ಬರಲ್ಲ. ನಾನೇ ಕೊಂದೆ ಕಣವ್ವೋ, ಹೊಡೆದು ನೀರಿಗೆ ಬಿಟ್ಟೆ, ತಪ್ಪಾಯ್ತು ಅಂತ ಕಿರುಚಿಕೊಂಡ, ಎರಡು ದಡದ ಜನವೂ ಕೇಳಿಸಿಕೊಂಡರಂತೆ. ಚಿಕ್ಕತಾಯಿ ಕದಲಲಿಲ್ಲ. ಆಮೇಲೆ ಅವನು ಅವ್ವಾ ಅಂತ ಕೂಗಿದನಂತೆ. ನನ್ನ ತಮ್ಮನೂ ಹಿಂಗೇ ಕೂಗಿರ್ತಾನೆ, ಆಗ ಯಾರೂ ಹೋಗಲಿಲ್ಲ ಅನ್ನಿಸಿತಂತೆ ಅವಳಿಗೆ. ಹಾಳಾಗೋಗ, ನಿನ್ನ ಬಾಯಿಗೆ ಮಣ್ಣು ಹಾಕ ಅಂತ ಬೈಕೊಂಡೇ ಮತ್ತೆ ಹಾರಿ, ಹರಿಗೋಲು ಎಳ್ಕೊಂಡು ಬಂದಳಂತೆ.

ದಡದಲ್ಲಿ ಜನ ಕಲ್ಲು ಎತ್ಕೊಂಡು ನಿಂತಿದ್ದರು. ಪಾಳೇಗಾರನೂ ಬಂದು ತಲೆ ತಗ್ಗಿಸಿದ, ನೀನು ಹೇಳಿದ್ದೇ ಶಿಕ್ಷೆ ಅಂದನಂತೆ. ಕಲ್ಲು ಕೆಳಗೆ ಹಾಕ್ರಪ್ಪ, ನನ್ನ ತಮ್ಮನ ಕೆಲಸ ಹಂಗೇ ನಿಂತಿದೆ, ಇವನು ಸಾಯೋವರೆಗೂ ಅದನ್ನ ಮಾಡಲಿ ಅಂದಳಂತೆ ಚಿಕ್ಕತಾಯಿ.

ಮೂರು ತಿಂಗಳು ಅವನಿಗೆ ಈಜು ಕಲಿಸಿದಳು, ಹುಟ್ಟು ಹಿಡಿಯೋದು ಕಲಿಸಿದಳು, ಅಂಗೈ ಬೊಬ್ಬೆ ಬಂದರೂ ಬಿಡಲಿಲ್ಲವಂತೆ. ಆದರೆ ಕೊಲೆಗಾರನ ಹರಿಗೋಲಿಗೆ ಯಾರು ಹತ್ತುತಾರೆ ಹೇಳು? ಅವನು ಬೆಳಗಿಂದ ಸಂಜೆವರೆಗೆ ಒಬ್ಬನೇ ಕೂತಿರೋನಂತೆ. ಒಂದು ದಿನ ಚಿಕ್ಕತಾಯಿಯೇ ಹೋಗಿ ಹತ್ತಿ ಕೂತಳಂತೆ. ಅವನು ನೀರು ಎತ್ತಿದ, ಬೆರಳ ಸಂದೀಲಿ ಎಲ್ಲ ಸೋರಿಹೋಯ್ತು, ಮತ್ತೆ ಎತ್ತಿದ, ಅಳ್ತಾ ಅಳ್ತಾ ಮಾತು ಕೊಟ್ಟನಂತೆ. ದಾರಿಯುದ್ದಕ್ಕೂ ಅವಳು ಅವನ ಕೈ ಮೇಲಿಂದ ಕಣ್ಣು ತೆಗೀಲಿಲ್ಲವಂತೆ. ದಡ ಬಂತು. ಇಳಿಯವ್ವ ಅಂದನಂತೆ.

ಸಿಟ್ಟು ಹೋಯ್ತಾ ಅಂತೀಯಾ? ಪೂರ್ತಿ ಎಲ್ಲಿ ಹೋಗುತ್ತೆ ಕಂದ. ಆದರೆ ಅವತ್ತು ಅವಳು ತಮ್ಮನ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳಂತೆ, ಆಮೇಲೆ ಮನೆಗೆ ಬಂದು ಎರಡು ಮುದ್ದೆ ಉಂಡು, ಎಷ್ಟೋ ದಿನ ಆದಮೇಲೆ ಚೆನ್ನಾಗಿ ನಿದ್ದೆ ಮಾಡಿದಳಂತೆ. ಅಲ್ಲಿಗೆ ಕತೆ ಆಯ್ತು, ನೀನೂ ಇನ್ನು ಕಣ್ಣು ಮುಚ್ಚು.